ಅಹ್ಮದಸಾಬನ ಹನ್ನೊಂದು ಗಂಡು ಮೀನು

ಯಾರೋ ತನ್ನ ಬರಣಿಗೆ ಮೀನು ತಂದು ಸುರಿಯುತ್ತಿದ್ದಾರೆ ಎಂಬುದರಲ್ಲಿ ಅಹ್ಮದಸಾಬನಿಗೆ ಸಂಶಯವೇ ಉಳಿದಿರಲಿಲ್ಲ.

ಚಳಿಜ್ವರದ ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಖಾತೆಯ ಸಾಹೇಬರು ಇಳಕಲ್ಲಿನ ನೇಕಾರರ ಓಣಿಯಲ್ಲಿ ಎರಡು ಮನೆಗೆ ಗಪ್ಪಿ ಎಂಬ ಮೀನು ಕೊಟ್ಟು ಹೋಗಿದ್ದರು. ಒಂದು ಅಹ್ಮದಸಾಬನ ಮನೆ, ಇನ್ನೊಂದು ಎದುರಿನ ಶಂಕ್ರಪ್ಪನದು. ಕೊಟ್ಟದ್ದು ತಲಾ ಎಂಟು. ಮೂರೇ ತಿಂಗಳಲ್ಲಿ ಗಾಜಿನ ಬರಣಿಯಲ್ಲಿ ನೀರಿಗಿಂತ ಮೀನೇ ಹೆಚ್ಚಾದವು. ಬಾವಿಗೆ ಬಿಟ್ಟರೆ ಕೊಡದಲ್ಲಿ ಬರುತ್ತವೆಂದು ಓಣಿಯ ಹೆಂಗಸರು ಜಗಳಕ್ಕೆ ಬಂದರು. ಹುರಿಯೋಣವೆಂದರೆ ಎಣ್ಣೆಗೂ ಗಿಟ್ಟದ ಗಾತ್ರ.

ಕೊನೆಗೆ ಅಹ್ಮದಸಾಬ ನೇಕಾರನ ಬುದ್ಧಿ ಓಡಿಸಿದ. ಕೆಲವು ಮೀನುಗಳಿಗೆ ಕೆಂಪು, ಹಳದಿ, ಮಿರುಗುವ ಸೆರಗಿನಂಥ ಬಾಲ. ಉಳಿದವು ಬೂದಿ ಬಣ್ಣದ ಬೋಳು. ಹುಟ್ಟಿದಾಗಿನಿಂದ ಸೀರೆ ನೇಯ್ದವನಿಗೆ ಹೆಣ್ಣು ಯಾವುದೆಂದು ಯಾರು ಹೇಳಿಕೊಡಬೇಕು? ಸೆರಗಿನವನ್ನೆಲ್ಲ ಹಿಡಿದು ಕಲಾದಗಿಯ ಷಡ್ಡಕನಿಗೆ ದಾಟಿಸಿದ. ಹನ್ನೊಂದು ಬೋಳು ಗಂಡಸರನ್ನು ಉಳಿಸಿಕೊಂಡು ನೆಮ್ಮದಿಯಾಗಿ ಮಗ್ಗಕ್ಕೆ ಕೂತ.

ಎಂಟು ದಿನಕ್ಕೆ ಬರಣಿಯ ತುಂಬ ಮರಿ. ಸೋಸಿ ಹಂಚಿದ. ಮರುದಿನ ಮತ್ತೆ ಮರಿ.

ಗಂಡಸರಂತೂ ಹೆರುವುದಿಲ್ಲ. ಮನೆಗೆ ದಿನಾ ಬರುವವನು ಶಂಕ್ರಪ್ಪ ಒಬ್ಬನೇ. ಮೂವತ್ತು ವರ್ಷದ ಗೆಳೆಯ. ಆಚಾರ ಮಾತ್ರ ಬಿಗಿ, ಸಾಬರ ಮನೆಯ ನೀರು ಮುಟ್ಟುವವನಲ್ಲ. ತನ್ನ ತಂಬಿಗೆ ತುಂಬಿಸಿಕೊಂಡು ಬಂದು, ಬರಣಿಯ ಪಕ್ಕದ ಕಟ್ಟೆಯಲ್ಲಿ ಕೂತು, ಊರ ಉಸಾಬರಿಯೆಲ್ಲ ಆಡಿ, ಬರಿ ತಂಬಿಗೆ ಹಿಡಿದು ಹೋಗುತ್ತಿದ್ದ. ಅಹ್ಮದಸಾಬ ಒಳಗೆ ಮಗ್ಗದಿಂದಲೇ ಹ್ಞೂಂಗುಡುತ್ತಿದ್ದ. ನೀರಿನ ವಿಷಯಕ್ಕೆ ಅವನು ಎಂದೂ ಬೇಸರಿಸಿಕೊಂಡವನಲ್ಲ. ಮೀನಿನ ವಿಷಯಕ್ಕೆ ಸಹನೆ ಮುಗಿದಿತ್ತು. ಹೆಂಡತಿ ಜೈನಬಿ ಬೇಡ ಬೇಡವೆಂದರೂ ಕೇಳದೆ ಓಣಿಯ ನಡುವೆ ನಿಂತು ಅಂದೇ ಬಿಟ್ಟ.

"ನಿನ್ನ ಮನಿ ಹೊಲಸು ನನ್ನ ಮನ್ಯಾಗ ಸುರೀಬ್ಯಾಡ ಶಂಕ್ರಪ್ಪ."

ಕಟ್ಟೆಯಲ್ಲಿದ್ದ ಶಂಕ್ರಪ್ಪ ತಂಬಿಗೆ ಎತ್ತಿಕೊಂಡು ಹೋದ. ಮತ್ತೆ ಬರಲಿಲ್ಲ. ಅವನಿಲ್ಲದ ಸಂಜೆ ಅಹ್ಮದಸಾಬನಿಗೆ ಉಪ್ಪಿಲ್ಲದ ಸಾರಾಯಿತು. ಮಗ್ಗದಲ್ಲಿ ಎಳೆ ತಪ್ಪತೊಡಗಿದವು. ಇಷ್ಟಾಗಿಯೂ ಗೆಳೆಯ ಬರುವುದು ನಿಂತಿತೇ ಹೊರತು ಮರಿ ಹುಟ್ಟುವುದು ನಿಲ್ಲಲಿಲ್ಲ.

ಹುನಗುಂದದಿಂದ ಸಾಹೇಬರು ಮತ್ತೆ ಬಂದಾಗ ತನ್ನ ಹನ್ನೊಂದು ಗಂಡಸರನ್ನು ತೋರಿಸಿದ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಮೀನಿನಲ್ಲಿ ಸಿಂಗಾರವೆಲ್ಲ ಗಂಡಿನದು, ಇಲ್ಲಿರುವವೆಲ್ಲ ಬಸುರಿಯರು, ಒಮ್ಮೆ ಕೂಡಿದರೆ ಗಂಡಿಲ್ಲದೆಯೂ ತಿಂಗಳುಗಟ್ಟಲೆ ಹೆರುತ್ತಾರೆ ಎಂದರು.

ಅಹ್ಮದಸಾಬ ನಾಚಿಕೆಯಿಂದ ಭೂಮಿಗಿಳಿದು ಹೋದ. ಎಂಥ ಗೆಳೆಯನ ಮೇಲೆ ಎಂಥ ಮಾತು! ನೆಟ್ಟಗೆ ಹೋಗಿ ಶಂಕ್ರಪ್ಪನ ಬಾಗಿಲಲ್ಲಿ ನಿಂತ.

"ತಪ್ಪು ನಂದ. ಇಲ್ಲದ್ದ ಹೊರಿಸಿದ್ನಿ. ಓಣಿ ಮಂದಿ ಮುಂದನ ತಪ್ಪಾತು ಅಂತೇನಿ, ಮನಿಗೆ ಬಾ."

ಶಂಕ್ರಪ್ಪ ಬಾಗಿಲನ್ನು ಅರ್ಧ ಎಳೆದುಕೊಂಡ. ಆಮೇಲೆ ತಾಯಿ ಸುಂದರವ್ವ ಒಳಗಿದ್ದಾಳೆಂದು ಖಚಿತ ಮಾಡಿಕೊಂಡು ದನಿ ತಗ್ಗಿಸಿದ.

"ಓಣಿ ಮಂದಿಗೆ ಏನೂ ಹೇಳಬ್ಯಾಡೋ ಮಾರಾಯಾ. ಮೀನ ಕೊಲ್ಲಾಕ ಅವ್ವ ಬಿಡಲಿಲ್ಲ, ನಮ್ಮನಿ ಮರಿ ದಿನಾ ತಂಬಿಗ್ಯಾಗ ತಂದು ನಿನ್ನ ಬರಣಿಗೆ ಹಾಕ್ತಿದ್ದಾಂವ ನಾನ. ನೀರಡಿಕಿ ಆದ್ರ ಜೈನಬಿ ಕೊಟ್ಟ ನೀರ ಕುಡೀತಿದ್ನಿ."