ಸುಲಕ್ಷಾಳ ಸರದಿ

ಯುದ್ಧಗಳೆಲ್ಲ ಪರದೆಯ ಮೇಲೆ, ಸರದಿಯಂತೆ ನಡೆಯುತ್ತಿದ್ದ ಕಾಲ ಅದು. ಮುಳುಗುವ ಹಡಗುಗಳು ಮಾತ್ರ ನಿಜವಾದವು. ಕಾರವಾರದ ಆಟಗಾರ್ತಿ ಸುಲಕ್ಷಾ ಖಾರ್ವಿಗೆ ಶತ್ರುವಿನ ಫಿರಂಗಿಗಳು ದಂಡೆಯಲ್ಲಿ ಎಲ್ಲಿ ಅಡಗಿವೆಯೆಂದು ತಿಳಿಯಬೇಕಿತ್ತು. ಗುಂಡು ಹಾರಿಸಿದಾಗಷ್ಟೇ ಅವು ಕಾಣುತ್ತಿದ್ದವು. ದೊಡ್ಡ ಹಡಗುಗಳನ್ನು ದೂರ ನಿಲ್ಲಿಸಿ, ಒಂದು ಗಸ್ತುದೋಣಿಯನ್ನು ಮುಂದೆ ಸರಿಸಿದಳು. ಅದರಲ್ಲಿ ಅವಳ ತಮ್ಮ ದತ್ತಾ ಇದ್ದ.

ಸರದಿ ಮುಗಿಸುವ ಮೊದಲು ಅವನ ಕರೆ ಬಂತು. "ಅಕ್ಕಾ, ನಮ್ಮ ದೋಣಿ ಒಂದೇ ಹೋಗೂದಾ?"

"ಹಿಂದೆ ದೊಡ್ಡ ಹಡಗು ಬರ್ತದೆ, ಹೆದರಬೇಡ," ಎಂದು ಸುಳ್ಳು ಹೇಳಿ ಗುಂಡಿ ಒತ್ತಿದಳು.

ಶತ್ರುವಿನ ಸರದಿಯಲ್ಲಿ ಫಿರಂಗಿಗಳು ಸಿಡಿದವು, ದೋಣಿ ಮುಳುಗಿತು. ತನ್ನ ಸರದಿ ಬಂದಾಗ ಸುಲಕ್ಷಾ ಕಾಣಿಸಿಕೊಂಡ ಫಿರಂಗಿಗಳನ್ನೆಲ್ಲ ದೂರದಿಂದಲೇ ಪುಡಿಮಾಡಿದಳು. ಒಂದು ಗುರಿಯೂ ತಪ್ಪಲಿಲ್ಲ, ಅದಕ್ಕೇ ಅವಳಿಗೆ ಭಯವಾಯಿತು.

"ಶಭಾಷ್!" ಎಂದರು ಮೇಲಧಿಕಾರಿ. "ನಾಳೆಗೂ ಒಂದು ಸಣ್ಣ ದೋಣಿ ಬೇಕೇನಮ್ಮಾ?"

"ಎರಡು ಕೊಡಿ ಸರ್," ಎಂದಳು.