ಹಿಮರಾಣಿಯ ಎಡಗೆನ್ನೆ

ವಿಡಿಯೊ ಗೇಮಿನ ಹಿಮರಾಣಿಯಾಗಲು ಶ್ರಾವ್ಯಾ ತಿಂಗಳಿಡೀ ಫೋಮ್ ಹಾಳೆ ಕತ್ತರಿಸಿ, ಅಂಟಿಸಿ ಕವಚ ಮಾಡಿಕೊಂಡಿದ್ದಳು. ವೇಷದ ಸ್ಪರ್ಧೆಯ ನಿಯಮ ಕಟ್ಟುನಿಟ್ಟು. ಫೋಟೊ ತೆಗೆದು ಗೇಮಿನ ಚಿತ್ರದ ಪಕ್ಕದಲ್ಲಿಟ್ಟು ನೋಡುತ್ತಾರೆ. ಒಂದು ಗುಂಡಿ ಹೆಚ್ಚಾದರೂ ಅಂಕ ಹೋಯಿತು. ಮುಖಕ್ಕೆ ಬಿಳಿ ಬಣ್ಣ ಬಳಿಯಲೇ ಎರಡು ಗಂಟೆ ಹಿಡಿಯಿತು.

ಜೊತೆಗೆ ಬಂದಿದ್ದ ಅಜ್ಜಿ ಮೊಮ್ಮಗಳನ್ನು ಕಣ್ತುಂಬ ನೋಡಿದರು. "ರಾಮ ರಾಮ" ಎನ್ನುತ್ತಾ ಕಾಡಿಗೆ ಡಬ್ಬಿ ತೆರೆದು, ಅವಳ ಎಡಗೆನ್ನೆಗೆ ಕಡಲೆಯಷ್ಟು ದೊಡ್ಡ ದೃಷ್ಟಿಬೊಟ್ಟು ಇಟ್ಟೇಬಿಟ್ಟರು.

"ಏನಜ್ಜೀ ಮಾಡಿಬಿಟ್ಟೆ! ಹಿಮರಾಣಿಗೆ ಬೊಟ್ಟಿಲ್ಲ!"

"ಅದಕ್ಕೇ ಕಣೇ, ಅವಳು ಆಟದಲ್ಲಿ ಗಳಿಗೆಗೊಂದು ಸಲ ಸಾಯೋದು. ನಿಮ್ಮಮ್ಮ ಇದ್ದಿದ್ದರೆ ಅವಳೇ ಇಡುತ್ತಿದ್ದಳು."

"ಒರೆಸಿದರೆ ಬಣ್ಣವೂ ಕಿತ್ತು ಬರುತ್ತೆ. ಇನ್ನು ನನಗೆ ಬಹುಮಾನ ಬಂದ ಹಾಗೇ!"

ಶ್ರಾವ್ಯಾಳ ಕಣ್ಣು ತುಂಬಿತು. ಅತ್ತರೆ ಉಳಿದ ಬಣ್ಣವೂ ಹೋದೀತೆಂದು ತಲೆ ಮೇಲೆತ್ತಿ ಕೂತಳು. ಅಜ್ಜಿ ಪೆಚ್ಚಾದರು. "ಇಲ್ಲೇ ಇರು, ಬಂದೆ" ಎಂದು ಕಾಡಿಗೆ ಡಬ್ಬಿ ಹಿಡಿದೇ ಎದ್ದು ಹೋದರು.

ಫೋಟೊಗೆ ಎಲ್ಲರನ್ನೂ ಕರೆದರು. ಶ್ರಾವ್ಯಾ ಕೆನ್ನೆಯನ್ನು ಕೈಯಿಂದ ಮುಚ್ಚಿಕೊಂಡೇ ಸಾಲಿನಲ್ಲಿ ನಿಂತಳು. ಪಕ್ಕದ ಡ್ರ್ಯಾಗನ್ ಬೇಟೆಗಾರನ ಕೆನ್ನೆಯಲ್ಲಿ ಕಪ್ಪು ಬೊಟ್ಟಿತ್ತು. ಅವನಾಚೆಯ ಯಂತ್ರಮಾನವನ ತಗಡಿನ ಕೆನ್ನೆಯಲ್ಲೂ ಇತ್ತು.

"ಕೈ ತೆಗೀಮ್ಮಾ" ಎನ್ನುತ್ತಾ ಅಂಕಪಟ್ಟಿ ಹಿಡಿದು ಬಂದ ತೀರ್ಪುಗಾರರ ಕೆನ್ನೆಯ ಮೇಲಿನ ಬೊಟ್ಟು ಇನ್ನೂ ಹಸಿಯಾಗಿತ್ತು.