ಹೊರಚಿಲಕ

ಕೊಡ ಬಗಲಿಗೇರಿಸಿ ಹೊರಬಿದ್ದ ಪರಸವ್ವ ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದಳು. ಹಾಕಿದ ಮೇಲೆ ನೆನಪಾಯಿತು, ಹಾಕಬಾರದಿತ್ತು. ಕೈ ಮತ್ತೆ ಚಿಲಕದ ಕಡೆ ಹೋಗಿ ಅಲ್ಲೇ ನಿಂತಿತು. ಒಳಗೆ ಸಕ್ರಿ ಒಬ್ಬಳೇ ಇದ್ದಳು. ಒಲೆಯ ಮೇಲಿನ ಗೂಡಿನಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಇವತ್ತು ಮೊದಲ ಸಲ ಅದನ್ನು ಬಚ್ಚಿಡದೆ ಬಂದಿದ್ದಳು ಪರಸವ್ವ. ಇವತ್ತಿಗೆ ಇಷ್ಟು ಧೈರ್ಯ ಸಾಕು ಎಂದುಕೊಂಡು ಚಿಲಕ ತೆಗೆಯದೆಯೇ ನಳದ ಕಡೆ ನಡೆದಳು.

ಸಕ್ರಿ ಘೋಣಸಗಿಯ ಹುಡುಗಿ, ತಾಯಿತಂದೆ ಇಲ್ಲದವಳು. ಚೀನಾದ ಲಡಾಯಿ ಮುಗಿದ ಮರುವರ್ಷ ಸೋದರಮಾವನ ಮೇವಿನ ಕೋಣೆಗೆ ಬೆಂಕಿ ಹಚ್ಚಿ ಬಿಜಾಪುರದ ರಿಮಾಂಡ್ ಹೋಮಿಗೆ ಬಂದಿದ್ದಳು. ಯಾಕೆ ಹಚ್ಚಿದೆ ಎಂದರೆ ಊರವರಿಗೂ ಬಾಯಿ ಬಿಡಲಿಲ್ಲ, ಕೋರ್ಟಿನವರಿಗೂ ಬಿಡಲಿಲ್ಲ. ಮನೆಯಲ್ಲಿದ್ದು ತಿದ್ದಿಕೊಳ್ಳಲಿ ಎಂದು ಕೋರ್ಟಿನವರು ಪ್ರೊಬೇಶನ್ ಮೇಲೆ ಅವಳನ್ನು ಪರಸವ್ವನ ಕೈಗೆ ಒಪ್ಪಿಸಿದ್ದರು. ಪರಸವ್ವ ಮಕ್ಕಳಿಲ್ಲದ ವಿಧವೆ, ಓಣಿಯವರ ಹಳೆಯ ಬಟ್ಟೆಗಳಲ್ಲಿ ಕೌದಿ ಹೊಲಿದು ಬದುಕುವವಳು. ಸರಕಾರದ ಖರ್ಚಿನಲ್ಲಿ ತಿಂಗಳಿಗೊಮ್ಮೆ ಧಾರವಾಡದಿಂದ ಮನಸ್ಸಿನ ಡಾಕ್ಟರು ಹೋಮಿಗೆ ಬಂದು ಇಂಥ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಹೋದ ಸಲ ಪರಸವ್ವನನ್ನೂ ಒಳಗೆ ಕರೆದಿದ್ದರು.

"ನೋಡವ್ವಾ, ಕಡ್ಡಿಪೆಟಗಿ ಮುಚ್ಚಿಡಬ್ಯಾಡ. ಹೊರಗಿನ ಚಿಲಕಾ ಹಾಕಬ್ಯಾಡ. ಒಲಿ ಅಕಿನ ಹಚ್ಚಲಿ."

"ಮನೀ ತುಂಬ ಮಂದಿ ಅರಿವಿ ಅದಾವ್ರಿ ಸಾಹೇಬ್ರ. ಒಂದು ಕಿಡಿ ಬಿದ್ರ ಓಣಿಗೆ ಓಣಿನ ಹೋಗತೈತ್ರಿ."

"ಅಂಜಿಕಿ ನಿನಗೊಬ್ಬಾಕಿಗೆ ಅಂತ ತಿಳಕೊಂಡೀಯೇನು? ಮಾಡಿ ನೋಡು. ಆಗಲಿಲ್ಲಂದ್ರ ಅಕಿನ್ನ ಹೊಳ್ಳಿ ಹೋಮಿಗೆ ತರಬೇಕಾಗತೈತಿ."

ನಾಳೆ ಡಾಕ್ಟರು ಬರುವ ದಿನ. ಇವತ್ತಿನವರೆಗೆ ಪರಸವ್ವ ಇವುಗಳಲ್ಲಿ ಒಂದನ್ನೂ ಮಾಡಿರಲಿಲ್ಲ. ರಾತ್ರಿ ಹುಡುಗಿ ಮಗ್ಗಲು ಬದಲಿಸಿದರೂ ಎದ್ದು ಕೂರುತ್ತಿದ್ದಳು. ಹಗಲಿಗೆ ಅದೇ ಹುಡುಗಿ ಸೂಜಿಗೆ ದಾರ ಪೋಣಿಸಿ ಕೊಡುವಾಗ, ಇವಳಿಲ್ಲದೆ ಈ ಮನೆಯಲ್ಲಿ ಹೇಗಿದ್ದೆನೋ ಅನಿಸುತ್ತಿತ್ತು.

ನಳದ ಹತ್ತಿರ ಪಾಳಿ ಉದ್ದವಿತ್ತು. ಎದುರುಮನೆಯ ಮದೀನಾಬಿ ಆಗಲೇ ಕೊಡ ತುಂಬಿಕೊಂಡು ಹೊರಟಿದ್ದಳು.

"ಏನ ಪರಸಕ್ಕಾ, ನಿನ್ನ ಚಿಮಣಿಬುಡ್ಡಿ ಹೆಂಗೈತಿ? ಮನಿ ಇನ್ನಾ ಉಳದೈತಲ್ಲ?"

"ಸುಮ್ನ ಹೋಗಬೇ. ಕೂಸದು."

"ಹೌದೌದು. ದಿನಾ ಕೂಸಿನ್ನ ಒಳಗ ಹಾಕಿ ಚಿಲಕಾ ಜಡದ ಬರೂದ ನೋಡೇನಿ ನಾ," ಎಂದು ನಗುತ್ತ ಮದೀನಾಬಿ ಹೋದಳು.

ಗೋಳಗುಮ್ಮಟದ ನೆರಳು ಓಣಿಯ ಮೇಲೆ ಉದ್ದಕ್ಕೆ ಚಾಚಿತ್ತು. ಒಂದೊಂದೇ ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಏಳತೊಡಗಿತು. ಪ್ರತಿ ಹೊಗೆಗೂ ಪರಸವ್ವ ಕತ್ತೆತ್ತಿ ನೋಡುತ್ತಿದ್ದಳು. ಅದು ಬಡಿಗೇರರದು, ಇದು ಮದೀನಾಬಿಯದು ಎಂದು ಗುರುತು ಹತ್ತಿದ ಮೇಲೆ ಕೊಡವನ್ನು ಒಂದು ಹೆಜ್ಜೆ ಮುಂದೆ ಸರಿಸುತ್ತಿದ್ದಳು. ಆಮೇಲೆ ಇನ್ನೊಂದು ಹೆದರಿಕೆ ಹೊಕ್ಕಿತು. ಎಲ್ಲರ ಮನೆಯ ಹೊಗೆ ಎದ್ದಿತ್ತು, ತನ್ನ ಮನೆಯದು ಮಾತ್ರ ಇಲ್ಲ. ಒಲೆ ಹಚ್ಚಿ ಎಸರಿಡು ಎಂದು ಹೇಳಿಯೇ ಬಂದಿದ್ದಳು. ಕಡ್ಡಿಪೆಟ್ಟಿಗೆ ಸಿಕ್ಕ ಹುಡುಗಿ ಇಷ್ಟು ಹೊತ್ತು ಏನು ಮಾಡುತ್ತಿದ್ದಾಳೆ? ಪರಸವ್ವ ಕೊಡವನ್ನು ಪಾಳಿಯಲ್ಲೇ ಬಿಟ್ಟು ಓಡಿದಳು.

ಮನೆಗೆ ಬಂದವಳೇ ಚಿಲಕ ಎಳೆದಳು. ಬಾಗಿಲು ತೆರೆದಾಗ ಒಳಗೆ ಕತ್ತಲು. ಹೊಗೆಯ ವಾಸನೆ ಇರಲಿಲ್ಲ. ಹೊಲಿಯಲು ಬಂದ ಹಳೆಯ ಸೀರೆಗಳ ರಾಶಿ ಇದ್ದಂತೆಯೇ ಇತ್ತು. ಸಕ್ರಿ ಬಾಗಿಲ ಸಂದಿಗೇ ಅಂಟಿಕೊಂಡು ಕೂತಿದ್ದಳು, ಎರಡೂ ಕೈ ಮೊಣಕಾಲುಗಳ ನಡುವೆ ಅಮುಕಿಕೊಂಡು. ಕೈ ಮೊಣಕೈಯವರೆಗೆ ಒದ್ದೆಯಾಗಿದ್ದವು.

"ಕಡ್ಡಿಪೆಟಗಿ ಎಲ್ಲೈತಿ?"

ಹುಡುಗಿ ಕುಡಿಯುವ ನೀರಿನ ಹರವಿಯ ಕಡೆ ನೋಡಿದಳು. ತಳದಲ್ಲಿ ಉಳಿದಿದ್ದ ನೀರಿನಲ್ಲಿ ಪೆಟ್ಟಿಗೆ ಬಾಯಿ ಬಿಟ್ಟು ಬಿದ್ದಿತ್ತು. ಕಡ್ಡಿಗಳೆಲ್ಲ ತೇಲುತ್ತಿದ್ದವು.

"ಹಿಂಗ್ಯಾಕ ಮಾಡಿದಿ ಯವ್ವಾ?"

"ಒಲಿ ಹಚ್ಚಬೇಕಂತ ಎದ್ದಿದ್ನಿ. ಚಿಲಕಾ ಬಿದ್ದದ್ದು ಕೇಳ್ತು." ಸಕ್ರಿ ನೆಲ ನೋಡುತ್ತಲೇ ಹೇಳಿದಳು. "ಮಾಮಾನೂ ಹಿಂಗ ನನ್ನ ಮೇವಿನ ಕೋಣ್ಯಾಗ ಹಾಕಿ ಹೊಲಕ್ಕ ಹೋಗ್ತಿದ್ದ. ಎಷ್ಟು ಕೂಗಿದ್ರೂ ಯಾರೂ ಬರ್ತಿರಲಿಲ್ಲ. ಹೊಗಿ ಕಂಡ್ರ ಬಂದು ತಗೀತಾರಂತ ಹಚ್ಚಿದ್ನಿ. ಇವತ್ತೂ ಕೈ ಹಂಗ ಹೋತು ಬೇ. ಅಂಜಿಕಿ ಬಂದು ನೀರಾಗ ಹಾಕಿದ್ನಿ."

ಪರಸವ್ವ ಹೊಸ್ತಿಲ ಮೇಲೆ ಕೂತಳು. "ಡಾಕ್ಟರ್ ಮುಂದ ಹೋದ ಸಲ ಇದನ್ನ ಹೇಳಿದ್ಯೇನು?"

"ಹೇಳಿದ್ನಿ. ಚಿಲಕಾ ಹಾಕಬ್ಯಾಡಂತ ನಿನಗ ಹೇಳ್ತೀನಂದಿದ್ರು."

ಮನೆಯಲ್ಲಿ ಒಣಗಿದ ಕಡ್ಡಿ ಒಂದೂ ಇರಲಿಲ್ಲ. ಬೆಂಕಿ ತರಲು ಪರಸವ್ವ ತಾನೇ ಎದ್ದಳು, ಎದ್ದವಳು ನಿಂತಳು. ಒಲೆಯ ಪಕ್ಕದ ಒಂದು ಸಗಣಿ ಕುಳ್ಳು ತೆಗೆದು ಹುಡುಗಿಯ ಕೈಗೆ ಕೊಟ್ಟಳು.

"ಮದೀನಾಬಿ ಕಡೆ ಇದರ ಮ್ಯಾಲ ಕೆಂಡಾ ಇಸಗೊಂಡ ಬಾ."

"ನಾನ?"

"ನೀನ."

ಸಕ್ರಿ ಹೋದಳು. ಎದುರು ಬಾಗಿಲಲ್ಲಿ ಮದೀನಾಬಿ ಏನೋ ಅನ್ನಹೋಗಿ, ಇತ್ತ ಪರಸವ್ವನ ಮುಖ ನೋಡಿ ಕೆಂಡ ತರಲು ಒಳಗೆ ಹೋದಳು. ಹುಡುಗಿ ಹೊಳ್ಳಿ ಬರುವಾಗ ಗಾಳಿ ಎದ್ದಿತ್ತು. ಕುಳ್ಳಿನ ಮೇಲಿನ ಕೆಂಡ ಕೆಂಪೇರಿ, ಒಂದೆರಡು ಕಿಡಿ ಹಾರಿ ಓಣಿಯ ಧೂಳಿನಲ್ಲಿ ಆರಿದವು. ಸಕ್ರಿ ಬೆನ್ನು ಬಗ್ಗಿಸಿ, ಗಾಳಿಗೆ ಮೈ ಅಡ್ಡ ಕೊಟ್ಟು, ಕೆಂಡದ ಮೇಲಿನ ಕಣ್ಣು ತೆಗೆಯದೆ ಸಾವಕಾಶ ನಡೆದು ಬರುತ್ತಿದ್ದಳು. ಪರಸವ್ವನ ಬೆನ್ನ ಹಿಂದೆ ಓಣಿಯವರ ಅರಿವೆಗಳೆಲ್ಲ ರಾಶಿ ಬಿದ್ದಿದ್ದವು. ಆದರೂ ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಗಾಳಿಗೆ ಬಾಗಿಲು ಮುಚ್ಚಿಕೊಳ್ಳದಂತೆ ಅದನ್ನು ಬೆನ್ನಿನಿಂದ ಒತ್ತಿ, ಚಿಲಕವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಳು.